ಉಪಗ್ರಹ ಉಡಾವಣೆಯ ನಿಖರವಾದ ದಿನ ಮತ್ತು ವೇಳೆಯನ್ನು ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ: ಇಂಡಿ ಮಾಸ್ತರ, ವಿಜಯಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2024ರ ಡಿಸೆಂಬರ್ 4ರಂದು ಪಿಎಸ್‌ಎಲ್‌ವಿ-ಸಿ59 ರಾಕೆಟ್ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಪ್ರೋಬಾ-3 ಉಪಗ್ರಹಗಳನ್ನು ಹೊತ್ತು ಸಂಜೆ 4 ಗಂಟೆ 8 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಹಾರಲಿದೆ ಎಂದು ತಿಳಿದು, ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿ, ಪ್ರೊಜೆಕ್ಟರ್ ಹಚ್ಚಿಕೊಂಡು ಕಾಯುತ್ತಿದ್ದೆವು. ಇನ್ನೊಂದು ಗಂಟೆಯೂ ಉಳಿದಿಲ್ಲದಾಗ ಉಡಾವಣೆ ಮುಂದೂಡಿದ ಸುದ್ದಿ ಬಂತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, "ಸರ್, ರಾಕೆಟ್ ಕೆಟ್ಟೈತೇನ್ರಿ?" ಎಂದು ಕೇಳಿದಳು. ಅವಳಿಗೆ ಕೊಡಲು ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ನಾಳೆ ಇದೇ ಹೊತ್ತಿಗೆ ಬನ್ನಿರಿ ಎಂದು ಹೇಳಿ ಕಳುಹಿಸಿದೆ. ಮರುದಿನ ಕೊನೆಯ ತಾಸಿನ ಪಾಠ ಮುಗಿಸಿ ನಾವು ಪರದೆ ಬೆಳಗಿಸುವ ಹೊತ್ತಿಗೆ ರಾಕೆಟ್ ನೆಲ ಬಿಟ್ಟು ಆಗಲೇ ಮೂರು ನಿಮಿಷವಾಗಿತ್ತು. ವೇಳೆಯನ್ನು 4 ಗಂಟೆ 4 ನಿಮಿಷಕ್ಕೆ ಬದಲಿಸಿದ್ದರು. ಬೆಂಕಿ ಹೊತ್ತಿಕೊಳ್ಳುವ ಆ ಕ್ಷಣವನ್ನು ಮಕ್ಕಳು ನೇರವಾಗಿ ನೋಡಲೇ ಇಲ್ಲ. ಆ ಬೇಸರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಬರುವ ಉಡಾವಣೆಗೆ ಹೀಗಾಗಬಾರದೆಂಬುದು ನನ್ನ ಆಸೆ. ದಿನಾಂಕವನ್ನು ಎಲ್ಲಿ ನೋಡಿದರೆ ನಂಬಬಹುದು? ಒಂದು ದಿನ ಮುಂದೆ ಹೋದ ಉಡಾವಣೆ ನಾಲ್ಕು ನಿಮಿಷ ಹಿಂದೆ ಬಂದದ್ದು ಏಕೆ? ನಮ್ಮ ವಿಜಯಪುರದ ಬಯಲಿನಿಂದ ರಾಕೆಟ್ ಬರಿಗಣ್ಣಿಗೆ ಕಾಣಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಕಕ್ಷಾಪಥ, ಬೆಳಗಾವಿ

ಗುರುಗಳೇ, ನಮಸ್ಕಾರ. ಆ ಹುಡುಗಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಂದು ಕೆಟ್ಟದ್ದು ರಾಕೆಟ್ಟಲ್ಲ. ಪ್ರೋಬಾ-3ರಲ್ಲಿ ಎರಡು ಉಪಗ್ರಹಗಳಿದ್ದು, ಒಂದು ಇನ್ನೊಂದರಿಂದ ಸುಮಾರು 150 ಮೀಟರ್ ದೂರದಲ್ಲಿ ನಿಂತು, ಅದರ ಮೇಲೆ ನೆರಳು ಚೆಲ್ಲಿ, ಕೃತಕ ಸೂರ್ಯಗ್ರಹಣವನ್ನು ಉಂಟುಮಾಡುತ್ತದೆ. ಆ ಜೋಡಿಯಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಉಪಗ್ರಹದ ನೋದನ ವ್ಯವಸ್ಥೆಯಲ್ಲಿ (ಉಪಗ್ರಹವನ್ನು ತಳ್ಳಿ ಸರಿಸುವ ವ್ಯವಸ್ಥೆಯಲ್ಲಿ), ಮುಖ್ಯ ಭಾಗ ಕೈಕೊಟ್ಟರೆ ಇರಲೆಂದು ಇಟ್ಟ ಬದಲಿ ಭಾಗದಲ್ಲಿ ದೋಷ ಕಂಡುಬಂದುದರಿಂದ ಅಂದಿನ ಉಡಾವಣೆಯನ್ನು ನಿಲ್ಲಿಸಿದರು. ರಾಕೆಟ್ಟಿನ ಮೇಲೆ ಕುಳಿತ ಉಪಗ್ರಹವೂ ಕೊನೆಯ ಗಳಿಗೆಯವರೆಗೆ ತಪಾಸಣೆಗೆ ಒಳಪಟ್ಟಿರುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಸಿರಿ.

ಇನ್ನು ದಿನಾಂಕದ ವಿಷಯ. ಉಡಾವಣೆಯ ದಿನಾಂಕವನ್ನು ಲಗ್ನಪತ್ರಿಕೆಯ ಮುಹೂರ್ತದಂತೆ ಓದಬಾರದು, ಏಕೆಂದರೆ ಅದು ಒಮ್ಮೆಗೇ ನಿಶ್ಚಯವಾಗದೆ ಹಂತಹಂತವಾಗಿ ಗಟ್ಟಿಯಾಗುತ್ತ ಬರುತ್ತದೆ. ಸಂಸತ್ತಿನ ಉತ್ತರಗಳಲ್ಲಿ, ಭಾಷಣಗಳಲ್ಲಿ ಬರುವ "ಈ ವರ್ಷದ ಕೊನೆಯೊಳಗೆ" ಎಂಬ ಮಾತು ಉದ್ದೇಶ ಮಾತ್ರ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಿಂದ ಉಪಗ್ರಹ ಶ್ರೀಹರಿಕೋಟಾಕ್ಕೆ ಹೊರಟಿತು ಎಂಬ ಸುದ್ದಿ ಬಂದ ಮೇಲೆ ನೀವು ಕ್ಯಾಲೆಂಡರ್ ನೋಡಲು ಆರಂಭಿಸಬಹುದು.

ಅದಾದ ಮೇಲೆ ಬರುವುದೇ ನೋಟಮ್, ಅಂದರೆ ವಿಮಾನ ಚಾಲಕರಿಗೆ ಕೊಡುವ ಎಚ್ಚರಿಕೆಯ ಸೂಚನೆ. ಹಡಗುಗಳಿಗೂ ಇಂಥದೇ ಒಂದು ಸೂಚನೆ ಹೊರಡುತ್ತದೆ. ರಾಕೆಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿದ ಹಂತಗಳು ಉರಿದು ಮುಗಿದು ಕಳಚಿ ಬೀಳುವ ಸಮುದ್ರದ ಭಾಗಗಳನ್ನು ಅದರಲ್ಲಿ ಅಕ್ಷಾಂಶ ರೇಖಾಂಶಗಳ ಮೂಲಕ ಗುರುತಿಸಿರುತ್ತಾರೆ. ಭೂಪಟದ ಮೇಲೆ ಆ ಬಿಂದುಗಳನ್ನು ಮಕ್ಕಳಿಂದಲೇ ಗುರುತು ಹಾಕಿಸಿರಿ. ಗುರುತುಗಳು ಪೂರ್ವಕ್ಕೆ ಚಾಚಿದ್ದರೆ ಉಪಗ್ರಹವು ಭೂಸ್ಥಿರ ಕಕ್ಷೆಯ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆಯ) ಕಡೆಗೆ ಹೊರಟಿದೆ ಎಂದೂ, ದಕ್ಷಿಣಕ್ಕೆ ಇಳಿದಿದ್ದರೆ ಧ್ರುವಗಳ ಮೇಲೆ ಹಾಯುವ ಕಕ್ಷೆಗೆ ಹೊರಟಿದೆ ಎಂದೂ ಸಾಮಾನ್ಯವಾಗಿ ಊಹಿಸಬಹುದು. ದಕ್ಷಿಣಕ್ಕೆ ಹೋಗುವ ರಾಕೆಟ್ ಶ್ರೀಲಂಕಾದ ನೆಲದ ಮೇಲೆ ಹಾಯಬಾರದೆಂದು ಮೊದಲು ಆಗ್ನೇಯಕ್ಕೆ ಸಾಗಿ, ಆಮೇಲೆ ಹೊರಳುತ್ತದೆ. ಈ ಹೊರಳುವಿಕೆಗೆ ಇಂಧನ ಖರ್ಚಾಗಿ, ಹೊರುವ ಭಾರ ಕಡಿಮೆಯಾಗುತ್ತದೆ. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಸಣ್ಣ ರಾಕೆಟ್‌ಗಳಿಗಾಗಿ ಹೊಸ ಉಡಾವಣಾ ಕೇಂದ್ರ ಕಟ್ಟಲು ಇದೇ ಮುಖ್ಯ ಕಾರಣ. ಅಲ್ಲಿಂದ ನೇರವಾಗಿ ದಕ್ಷಿಣಕ್ಕೆ ಹಾರಿಸಬಹುದು.

ಈ ಸೂಚನೆಗಳನ್ನು ಓದುವಾಗ ಎರಡು ಕಡೆ ಎಡವುವವರನ್ನು ನಾನು ಬಹಳ ನೋಡಿದ್ದೇನೆ. ಸೂಚನೆಯಲ್ಲಿ ಕೆಲವೊಮ್ಮೆ ಹಲವು ದಿನಗಳ ಅವಧಿ ಇರುತ್ತದೆ. ಅದರ ಮೊದಲ ದಿನವೇ ಉಡಾವಣೆಯ ದಿನವೆಂದು ತಿಳಿದು ಯಾರೋ ಹರಡುತ್ತಾರೆ, ಉಳಿದವರು ಅದನ್ನೇ ಮುಂದಕ್ಕೆ ಕಳುಹಿಸುತ್ತಾರೆ. ಎರಡನೆಯದಾಗಿ, ಅದರಲ್ಲಿರುವ ವೇಳೆ ವಿಶ್ವ ಕಾಲಮಾನದ್ದು. ನಮ್ಮ ವೇಳೆ ತಿಳಿಯಬೇಕಾದರೆ ಐದೂವರೆ ತಾಸು ಕೂಡಿಸಬೇಕು. ಚಂದ್ರಯಾನ-2ನ್ನು ಮೊದಲು 2019ರ ಜುಲೈ 15ರ ನಸುಕಿನ 2 ಗಂಟೆ 51 ನಿಮಿಷಕ್ಕೆ ಹಾರಿಸಬೇಕೆಂದಿತ್ತು. ವಿಶ್ವ ಕಾಲಮಾನದಲ್ಲಿ ಅದು ಜುಲೈ 14ರ ರಾತ್ರಿ 9 ಗಂಟೆ 21 ನಿಮಿಷವಾಗುತ್ತದೆ. ವಿದೇಶದ ಪಟ್ಟಿಯಲ್ಲಿ 14 ಎಂದೂ ನಮ್ಮ ಪತ್ರಿಕೆಯಲ್ಲಿ 15 ಎಂದೂ ಇದ್ದರೆ ಎರಡೂ ಸರಿಯೇ. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ದಿನಾಂಕದ ಹಿಂದೆ ಎನ್‌ಇಟಿ ಎಂಬ ಮೂರು ಅಕ್ಷರಗಳಿದ್ದರೆ, "ಇದಕ್ಕಿಂತ ಮೊದಲಂತೂ ಇಲ್ಲ" ಎಂದಷ್ಟೇ ಅದರ ಅರ್ಥ. ಆ ದಿನವೇ ಹಾರುತ್ತದೆ ಎಂದು ಅದು ಹೇಳುವುದಿಲ್ಲ.

ಗಂಟೆ ನಿಮಿಷಗಳ ಸಮೇತ ಇಸ್ರೊ ತನ್ನ ಜಾಲತಾಣದಲ್ಲಿ ಅಥವಾ ಎಕ್ಸ್ ಖಾತೆಯಲ್ಲಿ ಪ್ರಕಟಿಸಿದಾಗ ಮಾತ್ರ ಮಕ್ಕಳಿಗೆ ದಿನ ಗೊತ್ತುಮಾಡಿ ಹೇಳಿರಿ. ಆಗಲೂ ಸಿದ್ಧತಾ ಪರಿಶೀಲನೆ, ಉಡಾವಣಾ ಅನುಮತಿ ಮಂಡಳಿಯ ಒಪ್ಪಿಗೆ ಮತ್ತು ಒಂದು ದಿನದಷ್ಟು ನಡೆಯುವ ಕ್ಷಣಗಣನೆ ಬಾಕಿ ಇರುತ್ತವೆ. ಪಿಎಸ್‌ಎಲ್‌ವಿಯ ಎರಡನೆಯ ಮತ್ತು ನಾಲ್ಕನೆಯ ಹಂತಗಳ ದ್ರವ ಇಂಧನವನ್ನು ತುಂಬುವುದು ಈ ಕ್ಷಣಗಣನೆಯ ವೇಳೆಯಲ್ಲಿಯೇ. ಚಂದ್ರಯಾನ-2ರ ಆ ರಾತ್ರಿ ಎಣಿಕೆ ಇನ್ನು 56 ನಿಮಿಷ 24 ಸೆಕೆಂಡು ಉಳಿದಿರುವಾಗ ನಿಂತಿತು. ಜಿಎಸ್‌ಎಲ್‌ವಿ-ಡಿ5 ರಾಕೆಟ್ಟಿನಲ್ಲಿ 2013ರ ಆಗಸ್ಟ್ 19ರಂದು ಎರಡನೆಯ ಹಂತದ ಇಂಧನ ಸೋರಿದ್ದರಿಂದ, ಇನ್ನು 74 ನಿಮಿಷವಿರುವಾಗ ನಿಲ್ಲಿಸಿದರು. ಅದು ಹಾರಿದ್ದು 2014ರ ಜನವರಿ 5ರಂದು. ಗಗನಯಾನದ ಮೊದಲ ಪರೀಕ್ಷಾ ವಾಹನವಂತೂ 2023ರ ಅಕ್ಟೋಬರ್ 21ರಂದು ಕೇವಲ 5 ಸೆಕೆಂಡು ಉಳಿದಿರುವಾಗ ಕಂಪ್ಯೂಟರಿನ ಅಪ್ಪಣೆಯಿಂದ ನಿಂತು, ಅದೇ ಬೆಳಿಗ್ಗೆ 10 ಗಂಟೆಗೆ ಹಾರಿತು. ಆದ್ದರಿಂದ ನಿಂತಿತು ಎಂದ ಕೂಡಲೇ ಪ್ರೊಜೆಕ್ಟರ್ ಆರಿಸಬೇಡಿರಿ, ಒಂದು ತಾಸಾದರೂ ಕಾಯಿರಿ.

ರಾಕೆಟ್ಟಿನ ಹೆಸರಿನ ಮುಂದಿನ ಸಂಖ್ಯೆಯನ್ನು ನೋಡಿ ಸರದಿ ಲೆಕ್ಕ ಹಾಕುವುದೂ ಬೇಡ. ಪಿಎಸ್‌ಎಲ್‌ವಿ-ಸಿ10 ಹಾರಿದ್ದು 2008ರ ಜನವರಿಯಲ್ಲಿ, ಸಿ9 ಹಾರಿದ್ದು ಅದೇ ವರ್ಷದ ಏಪ್ರಿಲಿನಲ್ಲಿ.

ಉತ್ತರ 2: ತೇರದಾಳದ ಗಣಿತ, ಬಾಗಲಕೋಟೆ ಜಿಲ್ಲೆ

ಮಾಸ್ತರರಿಗೆ ನಮಸ್ಕಾರ. ನಿಮ್ಮ ನಾಲ್ಕು ನಿಮಿಷದ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು, ಇಂಥ ಪ್ರಶ್ನೆ ತರಗತಿಯಲ್ಲಿ ಬಂದಿದ್ದರೆ ಎರಡು ದಿನದ ಪಾಠವನ್ನೇ ಮಾಡುತ್ತಿದ್ದೆ.

ನಾವು ದಿನವೆಂದು ಎಣಿಸುವ 24 ತಾಸು ಸೂರ್ಯನನ್ನು ನೋಡಿ ಎಣಿಸಿದ ಲೆಕ್ಕ. ನಕ್ಷತ್ರಗಳನ್ನು ನೋಡಿ ಎಣಿಸಿದರೆ ಭೂಮಿ ತನ್ನ ಸುತ್ತ ಒಂದು ಪೂರ್ಣ ಸುತ್ತು ತಿರುಗಲು 23 ತಾಸು 56 ನಿಮಿಷ 4 ಸೆಕೆಂಡು ಸಾಕು. ಆ ಒಂದು ಸುತ್ತಿನ ಅವಧಿಯಲ್ಲಿ ಭೂಮಿ ಸೂರ್ಯನ ಸುತ್ತಲೂ ಸ್ವಲ್ಪ ಮುಂದೆ ಸರಿದಿರುವುದರಿಂದ, ಸೂರ್ಯ ಮತ್ತೆ ನೆತ್ತಿಗೆ ಬರಬೇಕಾದರೆ ಇನ್ನು ಸುಮಾರು ನಾಲ್ಕು ನಿಮಿಷ ತಿರುಗಬೇಕಾಗುತ್ತದೆ. ನಮ್ಮ ರೈತರು ರಾತ್ರಿ ನೀರು ಹಾಯಿಸಲು ಹೋದಾಗ, ಚಿಕ್ಕೆಗಳು ದಿನದಿಂದ ದಿನಕ್ಕೆ ತುಸು ಮೊದಲೇ ಮೂಡುವುದನ್ನು ಕಂಡಿರುತ್ತಾರೆ. ಅದಕ್ಕೆ ಕಾರಣ ಈ ನಾಲ್ಕು ನಿಮಿಷವೇ.

ಪ್ರೋಬಾ-3ರ ಕಕ್ಷೆ ಹತ್ತಿರದಲ್ಲಿ 600 ಕಿಲೋಮೀಟರ್, ದೂರದಲ್ಲಿ 60,000 ಕಿಲೋಮೀಟರಿಗೂ ಮೀರಿದ ಉದ್ದನೆಯ ಅಂಡಾಕಾರದ ಹಾದಿ. ಇಂಥ ಕಕ್ಷೆಯ ಸಮತಲವು, ಅಂದರೆ ಆ ಹಾದಿ ಹರಡಿಕೊಂಡಿರುವ ಚಪ್ಪಟೆ ತಲವು, ಆಕಾಶದಲ್ಲಿ ಒಂದು ನಿಶ್ಚಿತ ದಿಕ್ಕಿಗೆ ಒಡ್ಡಿಕೊಂಡಿರಬೇಕೆಂದು ಗೊತ್ತುಮಾಡಿದ್ದರೆ, ತಿರುಗುವ ಭೂಮಿಯ ಮೇಲಿರುವ ಶ್ರೀಹರಿಕೋಟಾ ಆ ಸಮತಲದ ಕೆಳಗೆ ಬರುವ ಹೊತ್ತಿಗೇ ಹಾರಿಸಬೇಕು. ಮರುದಿನ ಆ ಹೊತ್ತು ನಾಲ್ಕು ನಿಮಿಷ ಮೊದಲೇ ಬರುತ್ತದೆ. 4 ಗಂಟೆ 8 ನಿಮಿಷದ್ದು 4 ಗಂಟೆ 4 ನಿಮಿಷಕ್ಕೆ ಬಂದದ್ದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ಆದರೆ ಎಲ್ಲ ಉಡಾವಣೆಗೂ ಈ ಸೂತ್ರ ಹಚ್ಚಬೇಡಿರಿ. ಸೂರ್ಯನೊಂದಿಗೆ ಹೊಂದಿಕೊಂಡು ತಿರುಗುವ ಕಕ್ಷೆಯ ಉಪಗ್ರಹಗಳಿಗೆ ಒಂದು ದಿನ ಮುಂದೂಡಿದರೂ ಗಡಿಯಾರದ ವೇಳೆ ಹೆಚ್ಚುಕಡಿಮೆ ಅದೇ ಉಳಿಯುತ್ತದೆ, ಏಕೆಂದರೆ ಅವು ಪ್ರತಿ ಸುತ್ತಿನಲ್ಲಿಯೂ ಒಂದು ಊರಿನ ಅಕ್ಷಾಂಶವನ್ನು ಅಲ್ಲಿಯ ಒಂದೇ ಹೊತ್ತಿಗೆ ದಾಟಬೇಕು. ಭೂಮಿಯನ್ನು ರಾಡಾರ್ ಮೂಲಕ ನೋಡುವ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಸಂಜೆ 5 ಗಂಟೆ 40 ನಿಮಿಷಕ್ಕೆ ಹಾರಿದ್ದು, ಅದು ಭೂಮಿಯ ಮೇಲಿನ ಬೆಳಗು ಬೈಗುಗಳ ಗೆರೆಯನ್ನು ಹಿಡಿದು ಸಾಗುವ ಕಕ್ಷೆಯದಾದ್ದರಿಂದ. ಚಂದ್ರನತ್ತ ಹೋಗುವಾಗ ಚಂದ್ರನೂ ಲೆಕ್ಕಕ್ಕೆ ಸೇರುತ್ತಾನೆ. ಹೀಗಾಗಿ ಯಾವ ಕಕ್ಷೆ ಎಂದು ಮೊದಲು ಕೇಳಬೇಕು, ವೇಳೆಯ ಕಾರಣ ಆಮೇಲೆ ತಾನಾಗಿಯೇ ಹೊಳೆಯುತ್ತದೆ.

ಉತ್ತರ 3: ಘಟಪ್ರಭೆಯ ದಂಡೆ, ಗೋಕಾಕ

ಸರ್, ಕಾಣಬಹುದೇ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ವಿಜಯಪುರದಿಂದ ಶ್ರೀಹರಿಕೋಟಾ ಆಗ್ನೇಯ ದಿಕ್ಕಿಗೆ, ನೇರ ಗೆರೆಯಲ್ಲಿ ಸುಮಾರು 600 ಕಿಲೋಮೀಟರ್ ದೂರದಲ್ಲಿದೆ. ಭೂಮಿ ದುಂಡಗಿರುವುದರಿಂದ, ಅಷ್ಟು ದೂರದಲ್ಲಿ ಮೇಲೇರುವ ವಸ್ತು ಸುಮಾರು 28 ಕಿಲೋಮೀಟರ್ ಎತ್ತರ ಮುಟ್ಟುವವರೆಗೆ ನಿಮ್ಮ ದಿಗಂತದ ಕೆಳಗೇ ಇರುತ್ತದೆ. ಅದಾದ ಮೇಲೂ ರಾಕೆಟ್ ನಿಮ್ಮಿಂದ ದೂರಕ್ಕೇ ಓಡುತ್ತಿರುವುದರಿಂದ, ಮೊದಲ ಹಂತ ಉರಿದು ಮುಗಿಯುವ ಹೊತ್ತಿಗೆ ಅದು ದಿಗಂತದಿಂದ ಒಂದೆರಡು ಡಿಗ್ರಿಯಷ್ಟೇ ಮೇಲೆ, ಅಂದರೆ ಚಾಚಿದ ಕೈಯ ಒಂದು ಬೆರಳಿನ ಅಗಲದಷ್ಟು ಎತ್ತರದಲ್ಲಿ ಇದ್ದೀತು. ದೂಳು, ಮಂಜು, ಹೊಲದ ಬದುವಿನ ಜಾಲಿಗಿಡಗಳು ಅಷ್ಟನ್ನು ಮರೆಮಾಡಲು ಸಾಕು. ಸೂರ್ಯೋದಯಕ್ಕೆ ಮೊದಲು ಅಥವಾ ಸೂರ್ಯಾಸ್ತದ ನಂತರ ಹಾರಿದಾಗ, ನೆಲದಲ್ಲಿ ಕತ್ತಲಿದ್ದು ಮೇಲಿನ ಹೊಗೆಗೆ ಬಿಸಿಲು ತಾಗಿದರೆ ಏನಾದರೂ ಕಂಡೀತು. ಮಕ್ಕಳಿಗೆ ಆ ಭರವಸೆ ಕೊಡಬೇಡಿರಿ.

ನಾನು 2023ರ ಜುಲೈ 14ರಂದು ಶ್ರೀಹರಿಕೋಟಾದ ವೀಕ್ಷಣಾ ಗ್ಯಾಲರಿಯಲ್ಲಿ ಕುಳಿತು ಚಂದ್ರಯಾನ-3ರ ಉಡಾವಣೆಯನ್ನು ನೋಡಿದ್ದೇನೆ. 2019ರಲ್ಲಿ ಆರಂಭವಾದ ಈ ಗ್ಯಾಲರಿಗೆ ಅಂತರಜಾಲದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ಒಯ್ಯಬೇಕು. ಹತ್ತಿರದ ರೈಲು ನಿಲ್ದಾಣ ಸೂಳ್ಳೂರುಪೇಟೆ, ನಾವು ಚೆನ್ನೈಗೆ ಹೋಗಿ ಅಲ್ಲಿಂದ ಮರಳಿ ಉತ್ತರಕ್ಕೆ ಬಂದೆವು. ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಮರಗಳ ಸಾಲಿನ ಹಿಂದಿನಿಂದ ಬೆಂಕಿಯ ಗೆರೆ ಮೇಲೆದ್ದಾಗ ಸದ್ದೇ ಇರಲಿಲ್ಲ. ಜನ ಚಪ್ಪಾಳೆ ಹೊಡೆದು, ಎದ್ದು ನಿಂತು, ಅದು ಸಾಕಷ್ಟು ಮೇಲೇರಿದ ನಂತರ ಆ ಗುಡುಗು ಬಂತು. ಕಿವಿಗಿಂತ ಮೊದಲು ಎದೆಗೂಡಿಗೆ ಅದು ತಾಗಿತು. ಸದ್ದು ಒಂದು ಕಿಲೋಮೀಟರ್ ಸಾಗಲು ಮೂರು ಸೆಕೆಂಡು ಬೇಕೆಂದು ಪುಸ್ತಕದಲ್ಲಿ ಓದಿದ್ದನ್ನು ನಾನು ಅಂದೇ ಅನುಭವಿಸಿದ್ದು. ಆದರೂ ಇಂಡಿಯಿಂದ ಮಕ್ಕಳನ್ನು ಅಷ್ಟು ದೂರ ಕರೆದೊಯ್ದು, ಉಡಾವಣೆ ಮುಂದೂಡಿದರೆ ತಂಗಲು ಸ್ಥಳ, ಮರಳುವ ಟಿಕೆಟ್ ಎರಡೂ ಕಷ್ಟವಾಗುತ್ತವೆ. ಶಾಲೆಯಲ್ಲಿಯೇ ತೋರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ತೋರಿಸುವಾಗ ಒಂದು ಕೆಲಸ ಮಾಡಿರಿ. ಪ್ರತಿ ಉಡಾವಣೆಗೂ ಇಸ್ರೊ ಒಂದು ಮಾಹಿತಿ ಪುಸ್ತಿಕೆಯನ್ನು ಪ್ರಕಟಿಸುತ್ತದೆ, ಅದರಲ್ಲಿ ಯಾವ ಸೆಕೆಂಡಿಗೆ ಯಾವ ಹಂತ ಕಳಚುತ್ತದೆ, ಆಗ ಎತ್ತರ ಎಷ್ಟು, ವೇಗ ಎಷ್ಟು ಎಂಬ ಕೋಷ್ಟಕವಿರುತ್ತದೆ. ಅದನ್ನು ಕಪ್ಪು ಹಲಗೆಯ ಮೇಲೆ ಬರೆದಿಟ್ಟು, ನೇರಪ್ರಸಾರದಲ್ಲಿ ಘೋಷಣೆ ಬಂದಂತೆ ಮಕ್ಕಳಿಂದ ಎದುರಿಗೆ ನಿಜವಾದ ವೇಳೆಯನ್ನು ಬರೆಸಿರಿ. ಗಾತ್ರ ತಿಳಿಸಲು ನಿಮ್ಮ ಊರಿನ ಅಳತೆಗೋಲೇ ಇದೆಯಲ್ಲ! ಜಿಎಸ್‌ಎಲ್‌ವಿ ಸುಮಾರು 51 ಮೀಟರ್ ಎತ್ತರ, ಗೋಳಗುಮ್ಮಟವೂ ಹೆಚ್ಚುಕಡಿಮೆ ಅಷ್ಟೇ. ಪಿಎಸ್‌ಎಲ್‌ವಿಯನ್ನು ಅಡ್ಡ ಮಲಗಿಸಿದರೆ ಗುಮ್ಮಟದ ಹೊರವ್ಯಾಸದಷ್ಟು, ಅಂದರೆ ಸುಮಾರು 44 ಮೀಟರ್ ಉದ್ದವಾಗುತ್ತದೆ. ಕರೆಂಟ್ ಹೋದರೆ ಎಂದು ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿ ಇಟ್ಟುಕೊಳ್ಳಿರಿ.

ಇಂಡಿ ಮಾಸ್ತರ

ಮೂವರಿಗೂ ಮನಃಪೂರ್ವಕ ವಂದನೆಗಳು. ಇವತ್ತೇ ಫಲಕದ ಮೇಲೆ ಬರುವ ಉಡಾವಣೆಯ ತಿಂಗಳನ್ನು ಮಾತ್ರ ಬರೆದು, ದಿನ ಮತ್ತು ವೇಳೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಇಸ್ರೊದ ಪ್ರಕಟಣೆ ಬಂದ ಮೇಲೆ ಮಕ್ಕಳೇ ಅದನ್ನು ತುಂಬಲಿದ್ದಾರೆ, ಮುಂದೂಡಿದರೆ ಕಾರಣವನ್ನೂ ಪಕ್ಕದಲ್ಲಿ ಬರೆಯಲಿದ್ದಾರೆ.

ತೇರದಾಳದ ಗುರುಗಳು ಬರೆದ ನಾಲ್ಕು ನಿಮಿಷದ ಲೆಕ್ಕವನ್ನು ಬೆಳಿಗ್ಗೆ ಹಲಗೆಯ ಮೇಲೆ ಬಿಡಿಸಿ ಹೇಳಿದೆ. ಅಂದು ಪ್ರಶ್ನೆ ಕೇಳಿದ್ದ ಹುಡುಗಿ ಸ್ವಲ್ಪ ಹೊತ್ತು ಬೆರಳು ಎಣಿಸಿ, "ಹಂಗಾದ್ರ ಹದಿನೈದು ದಿನ ತಡಾ ಆದ್ರ ಒಂದ್ ತಾಸು ಮೊದಲ ಹಾರ್ತೈತಿ ಅಲ್ರೀ ಸರ್?" ಎಂದಳು.