‘ಸಮುದಾಯ ನಡೆಸುವ ಸ್ವತಂತ್ರ ಚಿತ್ರೋತ್ಸವ’ – ಈ ಪ್ರಯೋಗ ಸರಿಯೇ?

ಉತ್ತರ ಪ್ರದೇಶದ ಗೋರಖಪುರದಲ್ಲಿ 2006ರಲ್ಲಿ ಆರಂಭವಾದ ‘ಪ್ರತಿರೋಧ್ ಕಾ ಸಿನೆಮಾ’ ಚಿತ್ರೋತ್ಸವದ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಂಪನಿಗಳ ಪ್ರಾಯೋಜಕತ್ವವನ್ನು ಒಲ್ಲದೆ, ನೋಡುಗರೂ ಹಿತೈಷಿಗಳೂ ಕೊಡುವ ಹಣವನ್ನೇ ನೆಚ್ಚಿಕೊಂಡ ಈ ಉತ್ಸವವನ್ನು ಮೇಲಿನಂತೆ ಕರೆಯಹೊರಟರೆ ಎರಡು ತೊಡಕುಗಳು ಎದುರಾಗುತ್ತವೆ.

‘ಸ್ವತಂತ್ರ’ ಎಂಬ ವಿಶೇಷಣ ಚಿತ್ರಕ್ಕೆ ಸೇರಿದ್ದೋ ಉತ್ಸವಕ್ಕೆ ಸೇರಿದ್ದೋ ಎಂಬುದು ಸಮಾಸದಿಂದ ತಿಳಿಯುವುದಿಲ್ಲ. ಚಿತ್ರಕ್ಕೇ ಸೇರಿದ್ದೆಂದುಕೊಂಡರೂ, ದೊಡ್ಡ ನಿರ್ಮಾಣ ಸಂಸ್ಥೆಗಳ ಹಂಗಿಲ್ಲದೆ ತಯಾರಾದ ಚಿತ್ರ ಎಂಬ ಅರ್ಥ ಹೊಳೆಯದೆ, ಅನುವಾದವಲ್ಲದ ಕೃತಿಯನ್ನು ‘ಸ್ವತಂತ್ರ ಕೃತಿ’ ಎನ್ನುವ ನಮ್ಮ ರೂಢಿಯಿಂದಾಗಿ ಓದುಗರು ಅದನ್ನು ರಿಮೇಕ್ ಅಲ್ಲದ, ಅಂದರೆ ಗಾಂಧಿನಗರದವರು ‘ಸ್ವಮೇಕ್’ ಎನ್ನುವ ಚಿತ್ರವೆಂದು ತಿಳಿದಾರು. ‘ಕಲಾತ್ಮಕ’, ‘ಹೊಸ ಅಲೆ’ ಎಂಬ ಮಾತುಗಳು ಶೈಲಿಯನ್ನು ಹೇಳುತ್ತವೆಯೇ ಹೊರತು ಹಣ ಯಾರದೆಂಬುದನ್ನಲ್ಲ. ಹಿಂದಿಯ ಹೊಸ ಅಲೆಯ ಹಲವು ಚಿತ್ರಗಳಿಗೆ ಸಾಲ ಕೊಟ್ಟದ್ದು ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ತಾನೆ. ಸದ್ಯಕ್ಕೆ ‘ಇಂಡಿಪೆಂಡೆಂಟ್ ಚಿತ್ರ’ ಎಂದೇ ಉಳಿಸಿಕೊಂಡಿದ್ದೇನೆ.

‘ಸಮುದಾಯ’ದ ತೊಡಕು ಇನ್ನೂ ದೊಡ್ಡದು. ಇಂದಿನ ಪತ್ರಿಕೆಗಳಲ್ಲಿ ‘ಸಮುದಾಯದ ಮುಖಂಡರು’ ಎಂದರೆ ಹೆಚ್ಚಾಗಿ ಜಾತಿಯ ಇಲ್ಲವೇ ಧರ್ಮದ ಮುಖಂಡರೆಂದೇ ಅರ್ಥ. ಆದ್ದರಿಂದ ‘ಸಮುದಾಯ ನಡೆಸುವ ಉತ್ಸವ’ ಎಂದು ಬರೆದರೆ ‘ಯಾವ ಸಮುದಾಯ?’ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸಾಲದ್ದಕ್ಕೆ 1975ರಲ್ಲಿ ಹುಟ್ಟಿದ ರಂಗಸಂಘಟನೆಯ ಹೆಸರೂ ಅದೇ. ಹೆಗ್ಗೋಡಿನಲ್ಲಿ 1973ರಲ್ಲಿ ‘ನೀನಾಸಂ ಚಿತ್ರಸಮಾಜ’ ಎಂದು ಹೆಸರಿಟ್ಟಾಗ ‘ಸಮಾಜ’ ಎಂಬುದು ಫಿಲ್ಮ್ ಸೊಸೈಟಿಗೆ ಚೆನ್ನಾಗಿಯೇ ಒಗ್ಗಿತ್ತು, ಆದರೆ ಈಗ ಆ ಪದಕ್ಕೂ ಜಾತಿಸಂಘಗಳ ನಂಟು ಅಂಟಿಕೊಂಡಿದೆ.

ಕರಾವಳಿಯಲ್ಲಿ ಊರವರೆಲ್ಲ ಹಣ ಕೂಡಿಸಿ ಆಡಿಸುವ ಯಕ್ಷಗಾನವನ್ನು ‘ಹತ್ತು ಸಮಸ್ತರ ಆಟ’ ಎನ್ನುತ್ತಾರೆ. ಒಬ್ಬ ಯಜಮಾನನಿಲ್ಲದೆ ಹಲವರು ಸೇರಿ ಖರ್ಚು ಹೊರುವ ಕ್ರಮವನ್ನು ಇಷ್ಟು ನೇರವಾಗಿ ಹೇಳುವ ಬೇರೆ ಮಾತು ನನಗೆ ತೋಚುತ್ತಿಲ್ಲ. ‘ಹತ್ತು ಸಮಸ್ತರ ಚಿತ್ರೋತ್ಸವ’ ಎಂದು ಬರೆದರೆ ಬಯಲುಸೀಮೆಯ ಓದುಗರಿಗೆ ಅರ್ಥವಾದೀತೇ, ಅಥವಾ ಹರಕೆ, ಸೇವೆಗಳ ವಾಸನೆ ಹೊಡೆದೀತೇ? ಉತ್ತರ ಕರ್ನಾಟಕದಲ್ಲಿ ಊರ ಹಿರಿಯರ ಕೂಟವನ್ನು ‘ದೈವ’ ಎನ್ನುವುದುಂಟು, ಆದರೆ ತುಳುನಾಡಿನವರು ಅದನ್ನು ಭೂತವೆಂದು ತಿಳಿಯುವುದರಿಂದ ಅದನ್ನು ಬಳಸುವ ಧೈರ್ಯವಾಗುತ್ತಿಲ್ಲ. ಹಣವನ್ನೂ ಹೊಣೆಯನ್ನೂ ಎಲ್ಲರೂ ಹಂಚಿಕೊಳ್ಳುವ ಕೆಲಸಕ್ಕೆ ನಿಮ್ಮ ಸೀಮೆಯಲ್ಲಿ ಯಾವ ಮಾತು ಬಳಕೆಯಲ್ಲಿದೆ ಎಂಬುದನ್ನು ವಾಕ್ಯಪ್ರಯೋಗದೊಡನೆ ತಿಳಿಸಬೇಕೆಂದು ಕೋರುತ್ತೇನೆ.