ಪದಚರ್ಚೆ: ಒಡವೆಯ ಮೇಲಿನ ‘ಕ್ಯಾರೆಟ್’, ‘ಹಾಲ್‌ಮಾರ್ಕ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೈ ಬದಲಾದ ಹಳೆಯ ಒಡವೆ ಕೊಳ್ಳುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಕ್ಯಾರೆಟ್’. ಒಂದು ಉಂಗುರದ ಒಳಮೈಯಲ್ಲಿ 750 ಅಂತಲೂ ಪಕ್ಕದಲ್ಲೇ 0.25 ಅಂತಲೂ ಇದೆ ಅಂದುಕೊಳ್ಳಿ. 750 ಅಂದರೆ ಸಾವಿರ ಪಾಲಿನಲ್ಲಿ 750 ಪಾಲು ಚಿನ್ನ. ಅದನ್ನೇ 18 ಕ್ಯಾರೆಟ್ ಅನ್ನುತ್ತೇವೆ; ಅಪ್ಪಟ ಚಿನ್ನ ಅಂದರೆ 24 ಕ್ಯಾರೆಟ್. 0.25 ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಕೂರಿಸಿದ ವಜ್ರದ ತೂಕ. ಕಾಲು ಕ್ಯಾರೆಟ್, ಅಂದರೆ 50 ಮಿಲಿಗ್ರಾಂ. ಒಂದೇ ಉಂಗುರಕ್ಕೆ ಒಂದೇ ಪದ ಎರಡು ಸಲ ಬಂತು. ಒಮ್ಮೆ ಲೋಹದ ಚೊಕ್ಕತನಕ್ಕೆ, ಒಮ್ಮೆ ಕಲ್ಲಿನ ತೂಕಕ್ಕೆ. ಹೊಸದಾಗಿ ಓದುವವರು ಇಲ್ಲಿ ಎಡವುತ್ತಾರೆ, ಅಲ್ವಾ? ಅಮೆರಿಕದವರು ಚಿನ್ನಕ್ಕೆ karat, ಕಲ್ಲಿಗೆ carat ಅಂತ ಮೊದಲಕ್ಷರ ಬದಲಿಸಿ ಇವೆರಡನ್ನೂ ಬೇರೆ ಮಾಡಿಕೊಂಡಿದ್ದಾರೆ. ನಮ್ಮ ಲಿಪಿಯಲ್ಲಿ ಆ ದಾರಿ ಇಲ್ಲ.

ಎರಡರ ಬೇರೂ ಒಂದೇ. ಗ್ರೀಕಿನ ‘ಕೆರಾಟಿಯಾನ್’ ಅನ್ನುವುದು ಕ್ಯಾರಬ್ ಮರದ ಬೀಜ. ಅರಬ್ಬಿಯ ‘ಕೀರಾತ್’ ಮೂಲಕ ಯೂರೋಪಿನ ನುಡಿಗಳಿಗೆ ಹೋಯಿತು. ನಾವು ‘ಗುಲಗಂಜಿ ತೂಕ’ ಅನ್ನುತ್ತೇವಲ್ಲ, ಹಾಗೆ. ಕಲ್ಲಿನ ಕ್ಯಾರೆಟ್ 200 ಮಿಲಿಗ್ರಾಂ ಎಂದು ನಿಗದಿಯಾದದ್ದು 1907ರಲ್ಲಿ.

ನನ್ನ ಸಲಹೆ: ಕಲ್ಲಿಗೆ ‘ಕ್ಯಾರೆಟ್ ತೂಕ’ ಇರಲಿ. ಚಿನ್ನಕ್ಕೆ ‘24ಕ್ಕೆ 18 ಪಾಲು’ ಅನ್ನೋಣ. ‘ಹದಿನಾರಾಣೆ ನಿಜ’ ಅನ್ನುವಾಗ ನಾವು ಮಾಡುವುದೂ ಪಾಲಿನ ಲೆಕ್ಕವೇ ತಾನೇ. ಆಗ 22 ಕ್ಯಾರೆಟ್ ಒಡವೆಯ ಮೇಲಿನ 916 ಎಲ್ಲಿಂದ ಬಂತು ಅನ್ನುವುದೂ ತಿಳಿಯುತ್ತದೆ: 24ಕ್ಕೆ 22 ಪಾಲನ್ನು ಸಾವಿರದ ಲೆಕ್ಕಕ್ಕೆ ತಂದರೆ 916 ಚಿಲ್ಲರೆ. ಉಳಿದ ಪಾಲಿನ ತಾಮ್ರ, ಬೆಳ್ಳಿಗೆ ಮಾತ್ರ ‘ಕಲಬೆರಕೆ’ ಅನ್ನಬೇಡಿ. ಆ ಪದದಲ್ಲಿ ಮೋಸ ಮಾಡಿದ ಅರ್ಥ ಇದೆ. ಮೆತ್ತನೆಯ ಚಿನ್ನ ಗಟ್ಟಿಯಾಗಲಿ ಅಂತ ಬೇಕೆಂದೇ ಸೇರಿಸುವುದು ಅದು. ‘ಬೆರಕೆ’ ಸಾಕು.

ಎರಡನೆಯದು ‘ಹಾಲ್‌ಮಾರ್ಕ್’. ಇದೇ ನನ್ನನ್ನು ಜಾಸ್ತಿ ಕಾಡುತ್ತಿರುವುದು. ಒಡವೆಯ ಮೇಲೆ ಏನು ಒತ್ತಿದ್ದರೂ ಜನ ಹಾಲ್‌ಮಾರ್ಕ್ ಅನ್ನುತ್ತಾರೆ. ಪದದ ಹುಟ್ಟು ನೋಡಿದರೆ ಹಾಗಿಲ್ಲ. ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನದಲ್ಲಿ, ಅಂದರೆ ‘ಹಾಲ್’ನಲ್ಲಿ, ಪರೀಕ್ಷೆ ಮಾಡಿ ಒತ್ತುತ್ತಿದ್ದ ಗುರುತು ಅದು. ಮಾಡಿದವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವರು ನೋಡಿದ್ದಾರೆ ಅನ್ನುವುದೇ ಅದರ ತಿರುಳು. ಬರೀ 585 ಅಂತ ಒತ್ತಿದ್ದರೆ ಅದು ಮಾಡಿದವನ ಮಾತು ಅಷ್ಟೇ ಆಗಿರಬಹುದು.

ಹಳೆಯ ಒಡವೆಯಲ್ಲಿ ಈ ವ್ಯತ್ಯಾಸ ತುಂಬಾ ಮುಖ್ಯ. ಸರದ ಕೊಂಡಿಯ ಮೇಲೆ 585 ಇರುತ್ತದೆ. ಆದರೆ ಕೊಂಡಿಯನ್ನು ಯಾವಾಗಲೋ ಬದಲಿಸಿರಬಹುದು. ಆಗ ಆ ಅಂಕಿ ಕೊಂಡಿಯ ಬಗ್ಗೆ ಹೇಳುತ್ತದೆ, ಸರದ ಬಗ್ಗೆ ಅಲ್ಲ. ‘ಜಿಪಿ’ ಅಂತಿದ್ದರೆ ಮೇಲೆ ಚಿನ್ನದ ನೀರು ಹಾಕಿದ್ದು. ‘ಇಪಿಎನ್‌ಎಸ್’ ಅಂತಿದ್ದರೆ ಬೆಳ್ಳಿ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಒಳಗಿನ ‘ಜರ್ಮನ್ ಸಿಲ್ವರ್’ನಲ್ಲಿ ತಾಮ್ರ, ನಿಕ್ಕಲ್, ಸತು ಇರುತ್ತವೆ. ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಇಲ್ಲ.

ಹಾಗಾಗಿ ಮೂರು ಪದ ಹುಡುಕುತ್ತಿದ್ದೇನೆ. ಮಾಡಿದವನ ಗುರುತಿಗೆ ‘ಅಕ್ಕಸಾಲಿ ಗುರುತು’. ಅಂಕಿಗೆ ‘ಚೊಕ್ಕತನದ ಅಂಕಿ’. ಪರೀಕ್ಷೆ ಮಾಡಿದವರು ಒತ್ತಿದ್ದಕ್ಕೆ ‘ಒರೆಮುದ್ರೆ’. ಒರೆಗಲ್ಲಿಗೆ ಉಜ್ಜದೆ ಎಕ್ಸ್‌ರೇ ಯಂತ್ರದಲ್ಲಿ ನೋಡಿದ್ದರೂ ‘ಒರೆ’ ಅನ್ನಬಹುದು ಅಂತ ನನ್ನ ಅನಿಸಿಕೆ. ‘ಒರೆಗೆ ಹಚ್ಚು’ ಅನ್ನುವ ಮಾತನ್ನು ನಾವು ಮನುಷ್ಯರ ಗುಣಕ್ಕೂ ಬಳಸುತ್ತೇವಲ್ಲ.

‘ಒರೆಮುದ್ರೆ’ ಕೇಳಿದ ಕೂಡಲೇ ನಿಮಗೆ ಅರ್ಥ ಹೊಳೆಯಿತೇ? ಚಿನ್ನದ ಕೆಲಸದ ಮನೆಗಳಲ್ಲಿ ಬೆಳೆದವರು ಇಲ್ಲಿದ್ದರೆ, ನಿಮ್ಮ ಹಿರಿಯರು ಇದಕ್ಕೆ ಠಸ್ಸೆ ಅನ್ನುತ್ತಿದ್ದರೋ, ಮುದ್ರೆ ಅನ್ನುತ್ತಿದ್ದರೋ, ಬೇರೆ ಏನಾದರೂ ಅನ್ನುತ್ತಿದ್ದರೋ ದಯವಿಟ್ಟು ಬರೆಯಿರಿ. ಅದು ಸಿಕ್ಕರೆ ನನ್ನ ಪದವನ್ನು ಖುಷಿಯಿಂದ ಬಿಟ್ಟುಬಿಡುತ್ತೇನೆ.