ಉರಿ ಮೂತ್ರಕ್ಕೆ ಮೆಡಿಕಲ್ ಶಾಪ್ ಮಾತ್ರೆ ಸಾಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಮಂಡ್ಯ: ನನಗೆ 27 ವರ್ಷ, ಮದುವೆಯಾಗಿ ಒಂದು ವರ್ಷ. ಮೂತ್ರ ಮಾಡುವಾಗ ಉರಿ, ಕೀವಿನ ಥರ ಬರುತ್ತೆ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡೆ. ನಾಲ್ಕು ದಿನ ಸುಮ್ಮನಿತ್ತು, ಮತ್ತೆ ಶುರುವಾಗಿದೆ. ಎಲ್ಲಿ ತೋರಿಸಲಿ? ಊರಲ್ಲಿ ಯಾರಿಗೂ ಗೊತ್ತಾಗಬಾರದು.

ಮೈಸೂರಿನವನು: ನಿಮ್ಮದು ನನ್ನದೇ ಕಥೆ. ಮೊದಲು ಉಷ್ಣ ಅಂದುಕೊಂಡೆ. ಎಳನೀರು, ಬಾರ್ಲಿ ನೀರು ಎಲ್ಲಾ ಆಯ್ತು. ಮೆಡಿಕಲ್ ಶಾಪಿನ ಹುಡುಗ ಚೀಟಿ ಕೂಡ ಕೇಳದೆ ಮೂರು ಮಾತ್ರೆ ಕೊಟ್ಟ. ಹದಿನೈದು ದಿನಕ್ಕೆ ಮತ್ತೆ ಅದೇ ಉರಿ. ಕೊನೆಗೆ ದೊಡ್ಡಾಸ್ಪತ್ರೆಗೆ, ಅದೇ ನಮ್ಮ ಕೆ.ಆರ್. ಆಸ್ಪತ್ರೆಗೆ ಹೋದೆ. ಲೈಂಗಿಕ ಸಂಪರ್ಕದಿಂದ ಅಂಟುವ ಇಂಥ ಕಾಯಿಲೆಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತೆ. ಗೊತ್ತಾಗದಿದ್ದರೆ ಚರ್ಮರೋಗ ವಿಭಾಗ ಎಲ್ಲಿ ಅಂತ ಕೇಳಿ, ಸಾಕು. ಆ ಸಾಲಿನಲ್ಲಿ ಕಜ್ಜಿ, ಹುಳುಕಡ್ಡಿಯವರೂ ಇರುತ್ತಾರೆ, ನಿಮ್ಮನ್ನು ಯಾರೂ ತಿರುಗಿ ನೋಡುವುದಿಲ್ಲ. ನಾನಂತೂ ಅರ್ಧ ಗಂಟೆ ಗೋಡೆ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಆಮೇಲೆ ನೋಡಿದರೆ ಪಕ್ಕದವನೂ ಹಾಗೇ ಕೂತಿದ್ದಾನೆ!

ಒಳಗೆ ಕೌನ್ಸೆಲರ್ ಬಾಗಿಲು ಹಾಕಿಕೊಂಡು ಮಾತಾಡಿಸಿದರು. ಬೈಯಲಿಲ್ಲ. ಡಾಕ್ಟರು ನೋಡಿದ ಮೇಲೆ ಒಂದು ಬೂದು ಬಣ್ಣದ ಪೊಟ್ಟಣ ಕೊಟ್ಟರು. ಅಜಿಥ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಎರಡೂ ಒಂದೇ ಸಲಕ್ಕೆ. ಅವರ ಎದುರಿಗೇ ನುಂಗಿಸಿದರು. ಎಚ್‌ಐವಿ, ಸಿಫಿಲಿಸ್ (ಇವೂ ಹಾಗೇ ಅಂಟುವ ಕಾಯಿಲೆಗಳು) ಪರೀಕ್ಷೆಗೆ ರಕ್ತ ತೆಗೆದರು. ದುಡ್ಡು ಕೇಳಲಿಲ್ಲ.

ನಿವೃತ್ತ ನರ್ಸ್, ಮಂಡ್ಯ: ಆ ಪೊಟ್ಟಣದ ವಿಷಯ ಹೇಳುತ್ತೇನೆ. ಉರಿ, ಕೀವು ಅಂದರೆ ಗೊನೊರಿಯಾ ಇರಬಹುದು, ಕ್ಲಮೈಡಿಯಾ ಇರಬಹುದು, ಎರಡೂ ಒಟ್ಟಿಗೆ ಇರಬಹುದು. ಲ್ಯಾಬ್ ರಿಪೋರ್ಟ್ ಬರುವವರೆಗೆ ರೋಗಿ ಕಾಯುವುದಿಲ್ಲ, ಮತ್ತೆ ಬರುತ್ತಾನೆ ಅಂತಲೂ ಗ್ಯಾರಂಟಿ ಇಲ್ಲ. ಅದಕ್ಕೇ ಲಕ್ಷಣ ನೋಡಿ ಅವತ್ತೇ ಎರಡಕ್ಕೂ ಔಷಧ ಕೊಡುವುದು. ನಾನಿದ್ದಾಗ ಒಟ್ಟು ಏಳು ಬಣ್ಣದ ಪೊಟ್ಟಣ ಇದ್ದವು. ಉರಿ ಮೂತ್ರಕ್ಕೆ ಬೂದು, ಬಿಳಿ ಸೆರಗಿಗೆ ಹಸಿರು, ಹುಣ್ಣಿಗೆ ಬಿಳಿ, ಸರ್ಪಸುತ್ತಿನ ಥರ ನೀರುಗುಳ್ಳೆ ಎದ್ದರೆ ಕೆಂಪು, ಹೀಗೆ. ಮೆಡಿಕಲ್ ಶಾಪಿನ ಅರೆಬರೆ ಡೋಸಿಗೆ ಉರಿ ಅಡಗುತ್ತೆ, ಕ್ರಿಮಿ ಒಳಗೇ ಉಳಿಯುತ್ತೆ. ಗೊನೊರಿಯಾ ಈಗಾಗಲೇ ಎಷ್ಟೋ ಔಷಧಕ್ಕೆ ಜಗ್ಗುತ್ತಿಲ್ಲ.

ನೋವಿಲ್ಲದ ಹುಣ್ಣು ಎದ್ದು ತಾನೇ ಮಾಯವಾದರೆ ಇನ್ನೂ ಹೆದರಿ. ಸಿಫಿಲಿಸ್ ಇದ್ದರೆ ಅದು ವಾಸಿಯಾಗಿರುವುದಿಲ್ಲ, ರಕ್ತದಲ್ಲಿ ಇರುತ್ತೆ. ಎಚ್‌ಐವಿ ವಿಷಯವನ್ನು ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ, ಅದಕ್ಕೆ 2017ರ ಕಾನೂನೇ ಇದೆ.

ಇನ್ನೊಬ್ಬರು, ಮೈಸೂರು: ಬಸ್ ಸ್ಟ್ಯಾಂಡ್ ಗೋಡೆ ಮೇಲೆ 'ಗುಪ್ತರೋಗ' ಅಂತ ಬರೆದಿರುತ್ತಲ್ಲ, ಅಲ್ಲಿಗೆ ಮಾತ್ರ ಹೋಗಬೇಡಿ. ಆರು ಸಾವಿರ ಕೊಟ್ಟು ಒಂದು ಡಬ್ಬಿ ಲೇಹ್ಯ ತಂದಿದ್ದೆ. ರುಚಿ ಚೆನ್ನಾಗಿತ್ತು.

ಮದ್ದೂರಿನ ಹೆಣ್ಣುಮಗಳು: ಗಂಡಸರೇ ಮಾತಾಡುತ್ತಿದ್ದೀರಿ, ನಾನೂ ಹೇಳುತ್ತೇನೆ. ಬಸುರಿ ಅಂತ ತಾಯಿ ಕಾರ್ಡ್ ಮಾಡಿಸಿದಾಗ ರಕ್ತದಲ್ಲಿ ಸಿಫಿಲಿಸ್ ಸಿಕ್ಕಿತು. ನನಗೆ ಒಂದು ತೊಂದರೆಯೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಮಗು ಹೊಟ್ಟೆಯಲ್ಲೇ ಹೋಗಬಹುದಿತ್ತು ಅಂದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನರ್ಸ್ 'ಶಕ್ತಿ ಇಂಜೆಕ್ಷನ್ ಅಮ್ಮ' ಅಂತ ಸಮಾಧಾನ ಹೇಳಿ ಪೆನಿಸಿಲಿನ್ ಕೊಟ್ಟರು. ಯಜಮಾನರು ಮೊದಲು ನನ್ನ ಮೇಲೇ ಎಗರಾಡಿದರು. ಪರೀಕ್ಷೆ ಮಾಡಿಸಿದ ಮೇಲೆ ಬಾಯಿ ಮುಚ್ಚಿದರು. ಮಗಳಿಗೆ ಈಗ ನಾಲ್ಕು ವರ್ಷ, ಆರಾಮಾಗಿದ್ದಾಳೆ.

ಮೈಸೂರಿನವನು: ಮೈಸೂರಿನಲ್ಲಿ ಆಶೋದಯ ಸಮಿತಿ ಅಂತ ಇದೆ, ಲೈಂಗಿಕ ವೃತ್ತಿಯವರದೇ ಸಂಘಟನೆ. 2004ರಲ್ಲಿ ಶುರುವಾದ ಕೆಲಸ. ಒಬ್ಬರು ಇನ್ನೊಬ್ಬರ ಕೈ ಹಿಡಿದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ಓದಿದವರು ಗೋಡೆ ನೋಡುತ್ತಾ ಕೂರುತ್ತೇವೆ, ಅಲ್ವಾ? ಫೋನಿನಲ್ಲೇ ಕೇಳಬೇಕಿದ್ದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097, ದುಡ್ಡು ಕಟ್ ಆಗುವುದಿಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋಗಿದ್ದೆ, ಮಾತ್ರೆ ನುಂಗಿದೆ, ಉರಿ ಕಡಿಮೆಯಾಗಿದೆ. ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದಾರೆ. ಅವಳಿಗೆ ಏನೂ ಇಲ್ಲ, ಚೆನ್ನಾಗೇ ಇದ್ದಾಳೆ. ಅದೇ ಮಾತ್ರೆ ಹೊರಗಡೆ ತಂದು ವಿಟಮಿನ್ ಅಂತ ಕೊಟ್ಟುಬಿಡಲಾ?

ನಿವೃತ್ತ ನರ್ಸ್, ಮಂಡ್ಯ: ಬೇಡಪ್ಪ. ಹೆಂಗಸರಲ್ಲಿ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ, ಒಳಗೆ ಗರ್ಭನಾಳ ಮುಚ್ಚಿಕೊಂಡು ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು. ಅವಳು ಬಸುರಿಯೋ, ಯಾವ ಮಾತ್ರೆ ಒಗ್ಗಲ್ಲವೋ, ಕೇಳದೆ ಕೊಡಬಾರದು. ನಿನಗೆ ಹೇಳಲು ಬಾಯಿ ಬರದಿದ್ದರೆ ಕೌನ್ಸೆಲರ್ ಹತ್ತಿರ ಕೂರಿಸು, ಅವರಿಗೆ ಅಭ್ಯಾಸ ಇದೆ. ಇಬ್ಬರದೂ ಔಷಧ ಮುಗಿದು ಏಳು ದಿನ ಆಗುವವರೆಗೆ ಬೇರೆ ಬೇರೆ ಮಲಗಿ. ಎಚ್‌ಐವಿ ಪರೀಕ್ಷೆ ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸು, ಮೊದಲ ಸಲಕ್ಕೆ ಸಿಗದೇ ಇರಬಹುದು.

ಕೇಳಿದವರು: ಸರಿ ಅಮ್ಮ. ಗುರುವಾರ ಅವಳಿಗೆ ರಜೆ ಇದೆ.